ರಿಯಾಳಿಗೆ ಒಯ್ದ ರೊಟ್ಟಿ

ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾದರೂ ಫೋನು ‘ಟಿಂಗ್’ ಅನ್ನಲಿಲ್ಲ.

ಭದ್ರಾವತಿಯ ಜನ್ನಾಪುರದಲ್ಲಿ ಬಸವರಾಜೇಶ್ವರಿಯವರ ಮನೆಯ ಮುಂದಿನ ಕೋಣೆಯೇ ರೊಟ್ಟಿ ಅಂಗಡಿ. ಹೆಂಚು ಕಾದಿತ್ತು. ಜೋಳದ ಹಿಟ್ಟು ನಾದಿ ಇಟ್ಟಾಗಿತ್ತು. ಬದನೆಕಾಯಿ ಎಣ್ಣೆಗಾಯಿ ಒಲೆಯಿಂದ ಇಳಿದಿತ್ತು. ರೊಟ್ಟಿ ತಟ್ಟುವ ಜಲಜಮ್ಮ ಕೈ ಕಟ್ಟಿಕೊಂಡು ಫೋನನ್ನೇ ನೋಡುತ್ತಾ ಕುಳಿತಿದ್ದರು.

“ಅಕ್ಕಾ, ಇದೇನು ಸತ್ತೋಯ್ತಾ?”

“ಚಾರ್ಜ್ ಇದೆ ಕಣೇ.”

“ಮತ್ಯಾಕೆ ಬಾಯಿ ಬಿಡ್ತಿಲ್ಲ? ನಿನ್ನೆ ಸೋಮವಾರ, ರಜೆ. ಇವತ್ತು ಇಷ್ಟೊತ್ತಿಗೆ ಬಡ್ಕೋಬೇಕಿತ್ತು.”

ಬಸವರಾಜೇಶ್ವರಿ ಹೆಂಚಿನ ಕೆಳಗಿನ ಉರಿಯನ್ನು ಸ್ವಲ್ಪ ಇಳಿಸಿದರು.

ಮೊದಲು ಈ ಮನೆಯ ಗೋಡೆಯ ಮೇಲೆ ಫೋನ್ ನಂಬರ್ ಬರೆದಿತ್ತು. ಬೇಕಾದವರು ಫೋನ್ ಮಾಡುತ್ತಿದ್ದರು, ಇಲ್ಲವೇ ಬಂದು ನಿಂತು ಬಿಸಿ ಬಿಸಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಊರಿಗೆ ಆಪ್ ಬಂತು. ಕಂಪನಿಯ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಬೈಕಿನಲ್ಲಿ ಬರುವ ಹುಡುಗರ ಬೆನ್ನಿಗೆ ನೀಲಿ ಬ್ಯಾಗ್ ಇರುತ್ತಿದ್ದುದರಿಂದ ಜನ ಅದನ್ನು ‘ನೀಲಿ ಬ್ಯಾಗ್’ ಎಂದೇ ಕರೆದರು. ಊರಿನವರೇ ನಡೆಸುತ್ತಿದ್ದ ಇನ್ನೊಂದು ಸಣ್ಣ ಆಪ್ ಇತ್ತು. ನೀಲಿ ಬ್ಯಾಗ್ ಒಂದಷ್ಟು ಕಾಲ ಡೆಲಿವರಿಯನ್ನು ಪುಕ್ಕಟೆ ಕೊಟ್ಟಿತು. ಸಣ್ಣದು ಮುಚ್ಚಿತು. ಬಸವರಾಜೇಶ್ವರಿಯವರ ಮನೆಗೆ ಸುಣ್ಣ ಬಳಿದಾಗ ಗೋಡೆಯ ಮೇಲಿನ ನಂಬರೂ ಅಳಿಸಿಹೋಯಿತು. ಮತ್ತೆ ಬರೆಯಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ಆಪಿನಲ್ಲಿ ಗಿರಾಕಿಯ ಫೋನ್ ನಂಬರ್ ಕಾಣುವುದಿಲ್ಲ. ಏನು ಬೇಕು ಎಂಬುದು ಬರುತ್ತದೆ, ಅದರ ಕೆಳಗೆ ಅವರು ಬರೆದ ಒಂದು ಸಾಲು ಬರುತ್ತದೆ, ಅಷ್ಟೆ. ಜಲಜಮ್ಮ ಆ ಸಾಲುಗಳನ್ನೇ ಹೆಸರು ಮಾಡಿಕೊಂಡಿದ್ದರು. ‘ಖಾರ ಕಡಿಮೆ’ ಅಂತ ಒಬ್ಬರು. ‘ಎಣ್ಣೆಗಾಯಿ ಎರಡು’ ಅಂತ ಇನ್ನೊಬ್ಬರು. ದಿನಾ ಸಂಜೆ ಒಬ್ಬರ ಊಟಕ್ಕೆ ಆಗುವಷ್ಟೇ ತರಿಸಿ, ‘ಗೇಟಿನ ಮೇಲೆ ಇಟ್ಟು ಹೋಗಿ, ಬೆಲ್ ಮಾಡಬೇಡಿ’ ಎಂದು ಬರೆಯುವವರು ಮತ್ತೊಬ್ಬರು.

“ಆ ‘ಬೆಲ್ ಮಾಡಬೇಡಿ’ಗೆ ಒಂದು ರೊಟ್ಟಿ ಜಾಸ್ತಿ ಹಾಕು,” ಎಂದು ಬಸವರಾಜೇಶ್ವರಿ ಆಗಾಗ ಹೇಳುತ್ತಿದ್ದರು. “ಒಂಟಿ ಜೀವ ಅನ್ಸುತ್ತೆ.”

ಯಾರ ಮುಖವನ್ನೂ ಅವರು ನೋಡಿರಲಿಲ್ಲ.

ಆ ಮಂಗಳವಾರ ಒಂದು ಆರ್ಡರೂ ಬರಲಿಲ್ಲ. ಬುಧವಾರವೂ ಬರಲಿಲ್ಲ. ಮಾಡಿಟ್ಟ ರೊಟ್ಟಿಯನ್ನು ಅಕ್ಕಪಕ್ಕದವರಿಗೆ ಹಂಚಿದರು.

ಬಸವರಾಜೇಶ್ವರಿಯವರ ಗಂಡ ಜಂಬಣ್ಣ ಬಾಗಿಲಲ್ಲಿ ನಿಂತು ಹೇಳಿದರು: “ನಾನು ಮೊದ್ಲಿಂದಾನೂ ಹೇಳ್ತಿದ್ದೀನಿ. ಸೋಮವಾರ ರಜೆ ಬಿಡು ಅಂತ. ಎಲ್ಲಾ ಅಂಗಡಿನೂ ದಿನಾ ತೆಗೀತಾರೆ. ನಿಂದೊಂದು ಹಟ.”

“ಹಟ ಅಲ್ಲ ರೀ. ನಮ್ಮಪ್ಪನ ಮನೇಲಿ ಸೋಮವಾರ ಎತ್ತಿಗೆ ನೊಗ ಹಾಕ್ತಿರ್ಲಿಲ್ಲ. ಎತ್ತಿಗೇ ವಾರಕ್ಕೊಂದು ರಜೆ ಇತ್ತು. ನಮಗೆ ಬೇಡ್ವಾ?”

“ಎತ್ತಿನ ಕಾಲ ಹೋಯ್ತು ಮಾರಾಯ್ತಿ.”

ಈ ಮನೆಯಲ್ಲಿ ಸೋಮವಾರ ಹೆಂಚನ್ನು ತೊಳೆದು, ವಿಭೂತಿ ಹಚ್ಚಿ, ಬೋರಲು ಹಾಕುತ್ತಾರೆ. ಆರ್ಡರ್ ಬರುವ ಫೋನನ್ನೂ ಆಫ್ ಮಾಡಿ, ಅದಕ್ಕೂ ಒಂದು ಗೆರೆ ವಿಭೂತಿ ಎಳೆದು, ಹೆಂಚಿನ ಪಕ್ಕದಲ್ಲೇ ಇಡುತ್ತಾರೆ. ಅದು ಜಲಜಮ್ಮ ಶುರು ಮಾಡಿದ್ದು. ದುಡಿಯುವ ಸಾಮಾನು ಅಂದಮೇಲೆ ಅದಕ್ಕೂ ವಿಶ್ರಾಂತಿ ಬೇಕಲ್ಲ ಎಂಬುದು ಅವರ ಲೆಕ್ಕ.

ಸಂಜೆ ಜಲಜಮ್ಮ ಆಪಿನ ‘ಸಹಾಯ’ ಎಂಬಲ್ಲಿ ಒತ್ತಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಗುವ ಒಂದು ಹುಡುಗಿಯ ಫೋಟೊ ಬಂತು. ಕೆಳಗೆ ಕನ್ನಡದಲ್ಲೇ ಅಕ್ಷರ ಮೂಡಿತು: ‘ನಮಸ್ಕಾರ. ನಾನು ರಿಯಾ. ನಿಮಗೆ ಸಹಾಯ ಮಾಡಲು ನನಗೆ ಸಂತೋಷ.’

“ನೋಡಕ್ಕಾ, ಎಷ್ಟು ಮರ್ಯಾದೆ!” ಎಂದರು ಜಲಜಮ್ಮ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿದರು. ಮಾತು ತಾನೇ ಅಕ್ಷರವಾಗಿ ಹೋಯಿತು. “ರಿಯಾ, ನಾವು ಜನ್ನಾಪುರದ ರೊಟ್ಟಿಯೋರು. ನಿನ್ನೆಯಿಂದ ಒಂದು ಆರ್ಡರೂ ಇಲ್ಲ. ಏನಾಯ್ತು ನೋಡಮ್ಮ.”

‘ನಿಮಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಿಮ್ಮ ಆರ್ಡರ್ ಸಂಖ್ಯೆ ಕಳುಹಿಸಿ.’

“ಆರ್ಡರೇ ಇಲ್ವಲ್ಲಮ್ಮ, ನಂಬರ್ ಎಲ್ಲಿಂದ ತರ್ಲಿ?”

‘ನಿಮ್ಮ ಆರ್ಡರ್ ಸಂಖ್ಯೆ ಕಳುಹಿಸಿ.’

“ಊಟ ಆಯ್ತಾ ನಿಂದು?”

‘ನಿಮ್ಮ ಆರ್ಡರ್ ಸಂಖ್ಯೆ ಕಳುಹಿಸಿ.’

ಜಲಜಮ್ಮ ಫೋನ್ ಕೆಳಗಿಟ್ಟರು. “ಪಾಪ, ಊಟ ಮಾಡಿಲ್ಲ ಅನ್ಸುತ್ತೆ. ಒಂದೇ ಮಾತು ಹೇಳ್ತಾಳೆ. ಕೆಲಸ ಜಾಸ್ತಿ ಇರ್ಬೇಕು. ಅಕ್ಕಾ, ಫೋನಲ್ಲಿ ಹೇಳಿದ್ರೆ ಆಗಲ್ಲ. ಹೋಗಿ ಮುಖ ನೋಡಿ ಮಾತಾಡಣ.”

ಬಸವರಾಜೇಶ್ವರಿಯವರಿಗೂ ಅದೇ ಸರಿ ಅನ್ನಿಸಿತು. ಆಪಿಗೆ ಸೇರುವಾಗ ಅಂಗಡಿಯ ಬಾಗಿಲಿಗೆ ಅಂಟಿಸುವ ಸ್ಟಿಕರ್ ತರಲು ಅವರು ಶಿವಮೊಗ್ಗದ ಕಚೇರಿಗೆ ಹೋಗಿದ್ದರು. ವಿದ್ಯಾನಗರದಲ್ಲಿ, ಮೆಡಿಕಲ್ ಶಾಪಿನ ಮೇಲಿನ ಮಹಡಿ. ದಾರಿ ನೆನಪಿತ್ತು.

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿದರು. ಬರಿಗೈಯಲ್ಲಿ ಹೋಗಬಾರದೆಂದು ಜಲಜಮ್ಮ ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಹಾಕಿಕೊಂಡಿದ್ದರು.

“ಯಾರಿಗೆ ಅಂತ ಇಷ್ಟು?” ಎಂದು ಜಂಬಣ್ಣ ಕೇಳಿದ್ದರು.

“ರಿಯಾಂಗೆ.”

* * *

ಮೆಡಿಕಲ್ ಶಾಪು ಇದ್ದಲ್ಲೇ ಇತ್ತು. ಮಹಡಿಯ ಮೇಲೆ ನೀಲಿ ಬೋರ್ಡು ಇರಲಿಲ್ಲ. ‘ಇಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡಲಾಗುವುದು’ ಎಂದು ಬರೆದ ಬೇರೆ ಬೋರ್ಡು ಇತ್ತು. ಒಳಗೆ ಒಂದು ಕಂಪ್ಯೂಟರ್ ಮುಂದೆ ಒಬ್ಬ ಹುಡುಗಿ ಕುಳಿತಿದ್ದಳು. ಇವರನ್ನು ನೋಡಿ ಎದ್ದು ನಿಂತಳು.

“ಆಂಟಿ! ಜನ್ನಾಪುರದ ರೊಟ್ಟಿ ಆಂಟಿ ಅಲ್ವಾ?”

ಅವಳು ಸುಪ್ರಿಯಾ. ಇದೇ ಕೋಣೆಯಲ್ಲಿ ನೀಲಿ ಬ್ಯಾಗಿನ ಕೆಲಸಕ್ಕಿದ್ದವಳು. ಆಗ ಜನ್ನಾಪುರಕ್ಕೆ ಬಂದು, ಜಗಲಿಯಲ್ಲಿ ಕೂತು ರೊಟ್ಟಿ ತಿಂದು, ಅದರ ಫೋಟೊ ತೆಗೆದು ಆಪಿಗೆ ಹಾಕಿದ್ದಳು. ಸೋಮವಾರ ರಜೆ ಎಂದು ಆಪಿನಲ್ಲಿ ನಮೂದಿಸಿದ್ದವಳೂ ಅವಳೇ.

“ಸದ್ಯ, ನೀನಾದ್ರೂ ಸಿಕ್ಕೆಯಲ್ಲ,” ಎಂದರು ಜಲಜಮ್ಮ. ಕೋಣೆಯ ಸುತ್ತ ಕಣ್ಣಾಡಿಸಿದರು. “ರಿಯಾ ಎಲ್ಲಿ ಕೂತ್ಕೊಳ್ತಾಳೆ?”

“ಯಾವ ರಿಯಾ?”

“ಅದೇ, ಕಿವಿಗೆ ಹಾಕ್ಕೊಂಡು ನಗ್ತಾಳಲ್ಲ. ನಿನ್ನೆ ನನ್ ಜೊತೆ ಮಾತಾಡಿದ್ಲು.”

ಸುಪ್ರಿಯಾ ನಗಲಿಲ್ಲ. ಇಬ್ಬರಿಗೂ ಕುರ್ಚಿ ಎಳೆದಳು.

“ಆಂಟಿ, ರಿಯಾ ಅಂತ ಯಾರೂ ಇಲ್ಲ. ಅದು ಮಷೀನು. ನಾವು ಏನು ಕೇಳಿದ್ರೂ ಅದಕ್ಕೆ ಬರೆದುಕೊಟ್ಟಿರೋ ಉತ್ತರನೇ ಹೇಳುತ್ತೆ. ಈ ಕಚೇರಿ ಮುಚ್ಚಿ ಬಹಳ ದಿನ ಆಯ್ತು. ಒಂದಿನ ಬೆಳಗ್ಗೆ ಬಂದು ಕಂಪ್ಯೂಟರ್ ಆನ್ ಮಾಡಿದ್ರೆ ನನ್ನ ಪಾಸ್‌ವರ್ಡೇ ತಗೊಳ್ಳಲಿಲ್ಲ. ಆಮೇಲೆ ಮೇಲ್ ಬಂತು, ನಾಳೆಯಿಂದ ಬರೋದು ಬೇಡ ಅಂತ. ಕೋಣೆ ಖಾಲಿ ಇತ್ತು. ನಾನೇ ಬಾಡಿಗೆಗೆ ಹಿಡಿದೆ.”

ಜಲಜಮ್ಮ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಮಷೀನಾ? ಮತ್ತೆ ನಾನು ಊಟ ಆಯ್ತಾ ಅಂತ ಕೇಳಿದ್ನಲ್ಲೇ ಅದನ್ನ!”

ಈಗ ಸುಪ್ರಿಯಾ ನಕ್ಕಳು. ಬಸವರಾಜೇಶ್ವರಿಯೂ ನಕ್ಕರು. ಮಂಗಳವಾರದಿಂದ ಅವರು ನಕ್ಕಿದ್ದು ಅದೇ ಮೊದಲು.

“ನಿಂದು ಊಟ ಆಯ್ತೇನಮ್ಮ?” ಎಂದು ಜಲಜಮ್ಮ ಸುಪ್ರಿಯಾಳನ್ನು ಕೇಳಿದರು.

“ಇಲ್ಲ ಆಂಟಿ.”

“ತಗೋ. ರಿಯಾನ ಪಾಲು ನಿಂಗೇ ಬಂತು.”

ಸುಪ್ರಿಯಾ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತಾ ಇನ್ನೊಂದು ಕೈಯಲ್ಲಿ ಅವರ ಫೋನ್ ನೋಡಿದಳು. ಹಳೆಯ ಸಂದೇಶಗಳನ್ನು ಒಂದೊಂದಾಗಿ ತೆರೆದಳು. ಒಂದರಲ್ಲಿ ಅವಳ ಬೆರಳು ನಿಂತಿತು.

“ಇಲ್ಲಿದೆ ನೋಡಿ. ಇದು ಇಂಗ್ಲಿಷಲ್ಲಿ ಬಂದಿದೆ. ‘ವಾರದ ರಜೆ ತೆಗೆದುಹಾಕಿ, ಪಟ್ಟಿಯಲ್ಲಿ ಮೇಲೆ ಬನ್ನಿ’ ಅಂತ. ಕೆಳಗೆ ದೊಡ್ಡದಾಗಿ ಹಸಿರು ಬಟನ್. ಯಾರೋ ಒತ್ತಿದ್ದಾರೆ.”

ಬಸವರಾಜೇಶ್ವರಿಯವರಿಗೆ ತಕ್ಷಣ ಗೊತ್ತಾಯಿತು. “ನಮ್ಮನೆಯವ್ರು. ಕಾರ್ಖಾನೇಲಿ ಇದ್ದೋರು. ಕೆಂಪು ಅಂದ್ರೆ ಅಪಾಯ, ಹಸಿರು ಅಂದ್ರೆ ಏನೂ ತೊಂದರೆ ಇಲ್ಲ ಅನ್ನೋದು ಅವರ ತಲೇಲಿ ಕೂತುಬಿಟ್ಟಿದೆ. ಪರದೆ ಮೇಲೆ ಏನು ಬಂದ್ರೂ ಹಸಿರು ಒತ್ತಿ ಅತ್ಲಾಗೆ ಕಳಿಸ್ತಾರೆ.”

“ಅದು ಅವರ ತಪ್ಪು ಅಂತ ನಾನು ಹೇಳಲ್ಲ. ಓದೋಕೆ ಬರೋ ಭಾಷೇಲಿ ಕೇಳಬೇಕಿತ್ತಲ್ಲ. ಅವತ್ತಿಂದ ಕಂಪನಿ ಲೆಕ್ಕದಲ್ಲಿ ನಿಮ್ಮ ಅಂಗಡಿ ಸೋಮವಾರನೂ ತೆಗೆದಿರುತ್ತೆ. ಜನ ಸೋಮವಾರ ಆರ್ಡರ್ ಮಾಡಿದ್ದಾರೆ. ನಿಮ್ಮ ಫೋನು ಆಫ್. ಎಲ್ಲಾ ಕ್ಯಾನ್ಸಲ್ ಆಗಿದೆ. ಕೆಲವು ಸೋಮವಾರ ಹೀಗೇ ಆಗಿದೆ. ಆಮೇಲೆ ಮಷೀನೇ ತೀರ್ಮಾನ ಮಾಡಿದೆ.”

“ಏನಂತ?”

ಸುಪ್ರಿಯಾ ತನ್ನ ಫೋನಿನಲ್ಲಿ ಆಪ್ ತೆರೆದು, ಜನ್ನಾಪುರ ಎಂದು ಹುಡುಕಿ ತೋರಿಸಿದಳು. ಬಸವರಾಜೇಶ್ವರಿಯವರ ಅಂಗಡಿಯ ಹೆಸರು ಬೂದು ಬಣ್ಣದಲ್ಲಿತ್ತು. ಅದರ ಕೆಳಗೆ ಬರೆದಿತ್ತು: ‘ಶಾಶ್ವತವಾಗಿ ಮುಚ್ಚಿದೆ.’

ಬಸವರಾಜೇಶ್ವರಿ ಅದನ್ನು ಎರಡು ಸಲ ಓದಿದರು.

“ನಾನು ನಿನ್ನೆಯೂ ಹೆಂಚು ಕಾಯಿಸಿದ್ದೀನಿ,” ಎಂದರು. “ಮುಚ್ಚಿದೆ ಅಂತ ನನ್ನ ಕೇಳದೆ ಯಾರು ಬರೆದಿದ್ದು?”

ಸುಪ್ರಿಯಾ ತನಗೆ ಗೊತ್ತಿದ್ದುದನ್ನು ಹೇಳಿದಳು. ಒಂದೇ ಕಂಪನಿ ಊರಿನ ಎಲ್ಲಾ ಗಿರಾಕಿಗಳನ್ನೂ ಹಿಡಿದಿಟ್ಟುಕೊಂಡಾಗ ಯಾರು ಮೇಲೆ ಕಾಣಬೇಕು, ಯಾರು ಕೆಳಗೆ ಹೋಗಬೇಕು, ಯಾರು ಕಾಣಲೇಬಾರದು ಎಂಬುದೆಲ್ಲ ಅದರ ಕೈಯಲ್ಲಿರುತ್ತದೆ. ಜಾಹೀರಾತಿಗೆ ಹಣ ಕಟ್ಟಿದವರು ಮೇಲೆ ಬರುತ್ತಾರೆ. ಕಂಪನಿಯದೇ ಒಂದು ಅಡುಗೆಮನೆ ಇದ್ದರೆ ಅದು ಎಲ್ಲರಿಗಿಂತ ಮೇಲೆ ಬರುತ್ತದೆ.

“ಸಂತೆ ಮೈದಾನನೂ ಅವರದೇ, ಅಂಗಡಿನೂ ಅವರದೇ, ಯಾರು ಎಲ್ಲಿ ಕೂರಬೇಕು ಅಂತ ಹೇಳೋರೂ ಅವರೇ. ಆಗ ಬೇರೆಯವರಿಗೆ ನ್ಯಾಯ ಹೆಂಗೆ ಸಿಗುತ್ತೆ ಆಂಟಿ?”

“ಹಂಗಾದ್ರೆ ನಮ್ ಗಿರಾಕಿಗಳು?” ಎಂದರು ಜಲಜಮ್ಮ. “ಆ ‘ಬೆಲ್ ಮಾಡಬೇಡಿ’ ಏನು ತಿಂತಿದೆಯೋ ಏನೋ. ನಾವು ಮುಚ್ಚಿದ್ವಿ ಅಂದ್ಕೊಂಡಿರುತ್ತೆ.”

“ಅವರ ನಂಬರ್ ನಿಮ್ಮ ಹತ್ರ ಇದೆಯಾ?”

ಇರಲಿಲ್ಲ.

* * *

ಮುಂದಿನ ಸೋಮವಾರ ಸುಪ್ರಿಯಾ ಜನ್ನಾಪುರಕ್ಕೆ ಬಂದಳು. ಹೆಂಚು ವಿಭೂತಿ ಹಚ್ಚಿಕೊಂಡು ಬೋರಲಾಗಿ ಮಲಗಿತ್ತು. ಪಕ್ಕದಲ್ಲಿ ಫೋನು. ಜಂಬಣ್ಣ ಜಗಲಿಯಲ್ಲಿ ಕೂತಿದ್ದರು.

“ಅಂಕಲ್, ಒಂದು ದೂರು ಬರೆಯೋಣ ಅಂತ ಬಂದೆ.”

“ಯಾರ ಮೇಲೆ? ಅಷ್ಟು ದೊಡ್ಡ ಕಂಪನಿ ಮೇಲಾ? ನಮ್ಮ ರೊಟ್ಟಿ ಅಂಗಡಿ ದೂರು ಅವರಿಗೆ ಲೆಕ್ಕಾನಾ? ದೊಡ್ಡೋರ ಜೊತೆ ನಮಗ್ಯಾಕೆ ಗುದ್ದಾಟ. ಸೋಮವಾರ ತೆಗೀತೀವಿ ಅಂತ ಒಪ್ಕೊಂಡ್ರೆ ಅವರೇ ವಾಪಸ್ ಹಾಕ್ಕೊಳ್ತಾರೆ.”

“ಹಾಕ್ಕೋಬಹುದು. ನಾಳೆ ಇನ್ನೊಂದು ಕೇಳ್ತಾರೆ. ಅದಕ್ಕೂ ಹಸಿರು ಒತ್ತುತ್ತೀರಾ?”

ಜಂಬಣ್ಣ ಕೆಮ್ಮಿದರು. “ಅದನ್ನ ಇವಳು ಹೇಳಿಬಿಟ್ಲಾ?”

“ಊರಿಗೆಲ್ಲಾ ಹೇಳಿದ್ದೀನಿ,” ಎಂದು ಒಳಗಿಂದ ಜಲಜಮ್ಮನ ದನಿ ಬಂತು.

ಸುಪ್ರಿಯಾ ಜಗಲಿಯ ಅಂಚಿನಲ್ಲಿ ಕೂತಳು. “ಅಂಕಲ್, ನೀವು ಕಾರ್ಖಾನೇಲಿ ಏನು ಕೆಲಸ ಮಾಡ್ತಿದ್ರಿ?”

“ಕಂಟ್ರಾಕ್ಟರ್ ಕೈಕೆಳಗೆ ಪೇಂಟರ್. ಬೋರ್ಡ್ ಬರೆಯೋದು. ‘ಅಪಾಯ’, ‘ಕೈ ಹಾಕಬೇಡಿ’, ಎಲ್ಲಾ ನನ್ನ ಅಕ್ಷರನೇ.”

“ವಾರದ ರಜೆ ಇತ್ತಾ?”

“ಇರ್ದೇ ಏನು? ಒಂದ್ಸಲ ಆ ಕಂಟ್ರಾಕ್ಟರು ರಜೆ ಇಲ್ಲ ಅಂದ. ನಾವೆಲ್ಲಾ ಪೇಂಟರ್‌ಗಳು ಹೋಗಿ ಅವನ ಕಚೇರಿ ಬಾಗಿಲು ಬಡಿದ್ವಿ. ಮೊದಲು ಬೈದ. ನಾವು ಅಲ್ಲೇ ನಿಂತ್ವಿ. ಆಮೇಲೆ ಕೂರಿಸಿ ಮಾತಾಡಿದ. ರಜೆ ಉಳೀತು.”

“ಈಗ ಈ ಕಂಪನಿ ಬಾಗಿಲು ಎಲ್ಲಿದೆ ಅಂಕಲ್?”

ರಸ್ತೆಯಲ್ಲಿ ನೀಲಿ ಬ್ಯಾಗಿನ ಬೈಕೊಂದು ಹೋಯಿತು. ಜಂಬಣ್ಣ ಅದನ್ನೇ ನೋಡಿದರು.

“ಆ ಹುಡುಗನನ್ನ ಕೇಳಿದ್ರೆ?”

“ಅವನಿಗೂ ರಿಯಾನೇ ಗತಿ.”

ಜಂಬಣ್ಣ ಅವಳ ಕಡೆ ತಿರುಗಿದರು: “ಹಂಗಾದ್ರೆ ಬಡಿಯೋದೆಲ್ಲಿ?”

“ಅದನ್ನೇ ಹೇಳೋಕೆ ಬಂದೆ. ಆನ್‌ಲೈನಲ್ಲಿ ವ್ಯಾಪಾರ ನಡೆಸೋ ಕಂಪನಿ ಕುಂದುಕೊರತೆ ಅಧಿಕಾರಿ ಅಂತ ಒಬ್ಬರನ್ನ ಇಡಲೇಬೇಕು. ಮನುಷ್ಯರನ್ನ. ಅವರ ಹೆಸರು, ವಿಳಾಸ ಆಪಲ್ಲಿ ಹಾಕಬೇಕು. ಎಲ್ಲೋ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ, ನಾನು ಹುಡುಕಿದ್ದೀನಿ. ಪಟ್ಟಿಯಲ್ಲಿ ಯಾರನ್ನ ಯಾಕೆ ಮೇಲೆ ಕೆಳಗೆ ಮಾಡ್ತೀವಿ ಅಂತ ಸರಳ ಭಾಷೇಲಿ ಎಲ್ಲರಿಗೂ ಕಾಣೋ ಹಾಗೆ ಹೇಳಬೇಕು ಅಂತಾನೂ ನಿಯಮ ಇದೆ. ನಾವು ಕೇಳೋದು ಅಷ್ಟೇ. ದಾನ ಕೇಳ್ತಿಲ್ಲ.”

“ಕೇಳಿದ್ರೆ ಆಗಿಬಿಡುತ್ತಾ?”

“ಗೊತ್ತಿಲ್ಲ ಅಂಕಲ್. ಕೇಳದಿದ್ರೆ ಆಗಲ್ಲ ಅನ್ನೋದು ಗೊತ್ತು.”

ಬಸವರಾಜೇಶ್ವರಿ ಕನ್ನಡದಲ್ಲೇ ಹೇಳಿದರು. ಸುಪ್ರಿಯಾ ಬರೆದಳು. ಉದ್ದ ಇರಲಿಲ್ಲ. ನಮ್ಮ ಅಂಗಡಿ ಮುಚ್ಚಿಲ್ಲ. ಸೋಮವಾರ ಮಾತ್ರ ರಜೆ, ಅದು ಮೊದಲಿಂದಲೂ ಇತ್ತು. ನಮಗೆ ಓದಲು ಬಾರದ ಭಾಷೆಯಲ್ಲಿ ಕೇಳಿ ಅದನ್ನು ತೆಗೆದಿದ್ದೀರಿ. ವಾಪಸ್ ಹಾಕಿ. ರಜೆ ಮಾಡುವವರನ್ನು ಕೆಳಗೆ ತಳ್ಳುವ ನಿಯಮ ಇದ್ದರೆ ಅದನ್ನು ಬರೆದು ಕಳುಹಿಸಿ.

ದೂರು ಹೋಯಿತು. ಬಸವರಾಜೇಶ್ವರಿ ಎದ್ದು ಗೋಡೆ ನೋಡಿದರು. “ಅವರು ಯಾವಾಗ ಉತ್ತರ ಕೊಡ್ತಾರೋ. ಅಲ್ಲೀವರೆಗೂ ಹೆಂಚು ಬೋರಲು ಹಾಕಿ ಕೂರೋಕಾಗಲ್ಲ. ನಮ್ಮ ಗಿರಾಕಿಗಳನ್ನ ನಾವೇ ಕರೀಬೇಕು. ಹೆಂಗೆ ಕರೆಯೋದು? ಒಬ್ಬರ ಹೆಸರೂ ಗೊತ್ತಿಲ್ಲ.”

“ಯಾರು ಹೇಳಿದ್ದು ಗೊತ್ತಿಲ್ಲ ಅಂತ?” ಎಂದರು ಜಲಜಮ್ಮ. “ನಂಗೆ ಎಲ್ಲರ ಹೆಸರೂ ಗೊತ್ತು.”

ಜಂಬಣ್ಣ ಒಳಗೆ ಹೋದರು. ಮಂಚದ ಕೆಳಗಿನಿಂದ ಪೇಂಟಿನ ಡಬ್ಬಿ, ಬ್ರಷ್ಷು ತಂದರು. ಒಂದು ತಗಡನ್ನು ಒರೆಸಿ ಜಗಲಿಗೆ ಒರಗಿಸಿದರು. “ಹೇಳು,” ಎಂದರು.

ಜಲಜಮ್ಮ ಹೇಳುತ್ತಾ ಹೋದರು. ಜಂಬಣ್ಣ ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯುತ್ತಾ ಹೋದರು.

‘ಖಾರ ಕಡಿಮೆ ಎನ್ನುತ್ತಿದ್ದವರೇ, ಎಣ್ಣೆಗಾಯಿ ಎರಡು ಕೇಳುತ್ತಿದ್ದವರೇ, ಬೆಲ್ ಮಾಡಬೇಡಿ ಎನ್ನುತ್ತಿದ್ದವರೇ, ನಾವು ಮುಚ್ಚಿಲ್ಲ. ಜನ್ನಾಪುರದ ಬಸವರಾಜೇಶ್ವರಿ ರೊಟ್ಟಿ ಅಂಗಡಿ ಇದ್ದಲ್ಲೇ ಇದೆ. ಸೋಮವಾರ ರಜೆ.’

ಅದರ ಕೆಳಗೆ ಫೋನ್ ನಂಬರ್.

ಜಲಜಮ್ಮ ದೂರ ಹೋಗಿ ನಿಂತು ನೋಡಿದರು. “ಅಣ್ಣಾ, ಅಕ್ಷರ ಚೆನ್ನಾಗಿದೆ. ಆದ್ರೆ ರೊಟ್ಟಿ ಮುಟ್ಟಿದ್ರೆ ಕರೆಂಟ್ ಹೊಡೀತದೆ ಅನ್ನೋ ಹಂಗಿದೆ.”

“ಹಂಗಿದ್ರೇನೇ ಜನ ನಿಂತು ಓದೋದು,” ಎಂದರು ಜಂಬಣ್ಣ.

ಹಾಲಿನ ಬೂತಿನವರು ತಮ್ಮ ಕಿಟಕಿಯ ಪಕ್ಕ ಬೋರ್ಡು ನಿಲ್ಲಿಸಲು ಒಪ್ಪಿದರು. ಬೆಳಗಾದರೆ ಇಡೀ ಜನ್ನಾಪುರ ಅಲ್ಲಿಗೆ ಬರುತ್ತದೆ.

ಮಂಗಳವಾರ ಬೆಳಗ್ಗೆ ಫೋನು ರಿಂಗಾಯಿತು. ‘ಟಿಂಗ್’ ಅಲ್ಲ, ಮೊದಲಿನ ಹಾಗೆ ರಿಂಗು. ಒಬ್ಬ ಗಂಡಸಿನ ದನಿ. “ನಾನು... ಹೆಂಗೆ ಹೇಳೋದು... ಬೋರ್ಡಲ್ಲಿ ಇದ್ದೀನಲ್ಲ, ಎಣ್ಣೆಗಾಯಿ ಎರಡು.”

“ಅಯ್ಯೋ, ನೀವಾ!” ಎಂದು ಜಲಜಮ್ಮ ಕೂಗಿದರು. “ಇಷ್ಟು ದಿನ ಎಲ್ಲಿ ಹೋಗಿದ್ರಿ?”

“ನೀವೇ ಮುಚ್ಚಿದ್ರಿ ಅಂತ ಇತ್ತಲ್ಲಮ್ಮ.”

‘ಖಾರ ಕಡಿಮೆ’ ಮಧ್ಯಾಹ್ನ ಖುದ್ದಾಗಿ ಬಂದರು. ನಿವೃತ್ತ ಮೇಷ್ಟ್ರು, ಎರಡೇ ಬೀದಿ ಆಚೆ ಮನೆ. ಅಷ್ಟು ಹತ್ತಿರದಿಂದ ತಮಗೆ ಊಟ ಬರುತ್ತಿದ್ದುದು ಅವರಿಗೂ ಗೊತ್ತಿರಲಿಲ್ಲ. ಇನ್ನು ಕೆಲವರು ಫೋನ್ ಮಾಡಿದರು. ಹತ್ತಿರದ ಮನೆಗಳಿಗೆ ಜಂಬಣ್ಣನೇ ತಮ್ಮ ಮೊಪೆಡ್‌ನಲ್ಲಿ ಕೊಟ್ಟು ಬಂದರು. ಮೊದಲಿನಷ್ಟು ವ್ಯಾಪಾರ ಆಗಲಿಲ್ಲ. ಆದರೆ ಹೆಂಚು ಕಾಯಿತು.

ಕೆಲವು ದಿನಗಳ ಮೇಲೆ ಕಂಪನಿಯಿಂದ ಫೋನ್ ಬಂತು. ಮೊದಲು ಹಿಂದಿಯಲ್ಲಿ ಮಾತಾಡಿದರು. “ಕನ್ನಡದಲ್ಲಿ ಹೇಳಿ ಸಾರ್, ನಾನು ಕಾಯ್ತೀನಿ,” ಎಂದರು ಬಸವರಾಜೇಶ್ವರಿ. ಕಾದರು. ಕನ್ನಡ ಬಲ್ಲ ಒಬ್ಬರು ಬಂದರು. ಜಲಜಮ್ಮ ಫೋನ್ ಕಿತ್ತುಕೊಂಡರು.

“ನೀವು ಮನುಷ್ಯರಾ, ಮಷೀನಾ?”

“ಮನುಷ್ಯನೇ ಅಮ್ಮ.”

“ಊಟ ಆಯ್ತಾ?”

“ಇಲ್ಲಮ್ಮ. ಇನ್ನೂ ಇಲ್ಲ.”

“ಹೌದಕ್ಕ, ಮನುಷ್ಯನೇ,” ಎಂದು ಜಲಜಮ್ಮ ಫೋನ್ ವಾಪಸ್ ಕೊಟ್ಟರು.

ಅಂಗಡಿಯ ಹೆಸರನ್ನು ಮತ್ತೆ ಆಪಿಗೆ ಹಾಕಿರುವುದಾಗಿ ಆತ ಹೇಳಿದರು. ಸೋಮವಾರ ರಜೆ ಎಂದೂ ನಮೂದಿಸಿದರು. ರಜೆ ಮಾಡಿದರೆ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆಯೇ ಎಂದು ಬಸವರಾಜೇಶ್ವರಿ ಕೇಳಿದರು. ಅದನ್ನು ಸಿಸ್ಟಮ್ ನಿರ್ಧರಿಸುತ್ತದೆ ಎಂದು ಆತ ಹೇಳಿದರು.

“ಸಿಸ್ಟಮ್ ಏನು ನಿರ್ಧರಿಸುತ್ತೆ ಅಂತ ಬರೆದು ಕಳಿಸಿ ಸಾರ್. ಕನ್ನಡದಲ್ಲಿ.”

ಆ ಉತ್ತರ ಇನ್ನೂ ಬಂದಿಲ್ಲ. ಬಸವರಾಜೇಶ್ವರಿ ಮತ್ತೆ ಕೇಳಿದ್ದಾರೆ. ಆಪಿನಿಂದ ಆರ್ಡರ್ ಬಂದರೆ ಈಗಲೂ ರೊಟ್ಟಿ ಕಟ್ಟುತ್ತಾರೆ. ಸುಣ್ಣದ ಗೋಡೆಯ ಮೇಲೆ ಜಂಬಣ್ಣ ಮತ್ತೆ ನಂಬರ್ ಬರೆದಿದ್ದಾರೆ.

“ಅಲ್ಲ ರೀ, ಸೋಮವಾರ ತೆಗೆಯೋಣ ಅಂತಿದ್ರಲ್ಲ?” ಎಂದು ಬಸವರಾಜೇಶ್ವರಿ ಒಮ್ಮೆ ಕೆಣಕಿದರು.

“ಯಾರು ಅಂದಿದ್ದು? ಸೋಮವಾರ ನನ್ನ ಮೊಪೆಡ್‌ಗೂ ರಜೆ,” ಎಂದರು ಜಂಬಣ್ಣ.

‘ಬೆಲ್ ಮಾಡಬೇಡಿ’ ಮಾತ್ರ ಬಂದಿರಲಿಲ್ಲ. ಫೋನೂ ಇಲ್ಲ, ಆಪಿನಲ್ಲೂ ಇಲ್ಲ. ಜಲಜಮ್ಮ ದಿನಾ ಸಂಜೆ ಒಂದು ಪೊಟ್ಟಣ ಹೆಚ್ಚಿಗೆ ಕಟ್ಟಿ ಇಡುತ್ತಿದ್ದರು. ಹೊತ್ತಾದ ಮೇಲೆ ತಾವೇ ಮನೆಗೆ ಒಯ್ಯುತ್ತಿದ್ದರು.

ಒಂದು ಭಾನುವಾರ, ದೀಪ ಹಚ್ಚುವ ಹೊತ್ತಿಗೆ, ಬಾಗಿಲಾಚೆ ಯಾರೋ ನಿಂತ ಹಾಗಾಯಿತು. ಕರೆಯಲಿಲ್ಲ. ಬಾಗಿಲು ಬಡಿಯಲಿಲ್ಲ. ಜಲಜಮ್ಮ ಬಗ್ಗಿ ನೋಡಿದರು. ಚಿಕ್ಕ ವಯಸ್ಸಿನ ಹೆಂಗಸು, ಕೈಯಲ್ಲಿ ಹಾಲಿನ ಪ್ಯಾಕೆಟ್.

“ಬೋರ್ಡ್ ನೋಡಿದೆ,” ಎಂದಳು ಅವಳು. “ಮೊದಲ ದಿನವೇ ನೋಡಿದೆ. ಬರೋಕೆ ಆಗಿರಲಿಲ್ಲ.”

ಜಲಜಮ್ಮ ಕಟ್ಟಿಟ್ಟಿದ್ದ ಪೊಟ್ಟಣ ತಂದು ಮುಂದೆ ಹಿಡಿದರು.

“ಮನೇಲಿ ನಾನೊಬ್ಬಳೇ. ಬೆಲ್ ಆದ್ರೆ ಎದ್ದು ಬಂದು ಮಾತಾಡಬೇಕಲ್ಲ, ಅದಕ್ಕೆ ಹಾಗೆ ಬರೀತಿದ್ದೆ.” ಸ್ವಲ್ಪ ತಡೆದು ಕೇಳಿದಳು: “ಒಂದು ರೊಟ್ಟಿ ಜಾಸ್ತಿ ಇರ್ತಿತ್ತು. ತಪ್ಪಿ ಬರ್ತಿತ್ತಾ?”

“ತಪ್ಪಿ ಅಲ್ಲಮ್ಮ,” ಎಂದರು ಬಸವರಾಜೇಶ್ವರಿ ಒಳಗಿಂದ.

ಅವಳು ಪೊಟ್ಟಣ ತೆಗೆದುಕೊಂಡಳು. ಹೊರಟವಳು ತಿರುಗಿ ನಿಂತಳು. “ನಾಳೆ ಸೋಮವಾರ ಅಲ್ವಾ? ನಾಳೆಗೂ ಬೇಕಿತ್ತು.”

“ಕಡಕ್ ರೊಟ್ಟಿ ಮಾಡ್ಕೊಡ್ತೀನಿ. ನಾಳೆಗೂ ಇರುತ್ತೆ, ನಾಡಿದ್ದಿಗೂ ಇರುತ್ತೆ. ಕೂತ್ಕೋ, ಸ್ವಲ್ಪ ಹೊತ್ತಾಗುತ್ತೆ,” ಎಂದರು ಜಲಜಮ್ಮ.

ಅವಳು ಜಗಲಿಯಲ್ಲಿ ಕೂತಳು. ಒಳಗೆ ರೊಟ್ಟಿ ತಟ್ಟುವ ಸದ್ದು ಶುರುವಾಯಿತು.

* * *

ಇದನ್ನು ಓದುತ್ತಿರುವ, ಸಂಘದ ಸಭೆಯಲ್ಲಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಆಪ್ ಬಳಸಬೇಡಿ ಎಂದು ಈ ಕಥೆ ಹೇಳುವುದಿಲ್ಲ. ಬಳಸಿ. ಆದರೆ ನಿಮ್ಮ ಗಿರಾಕಿಗಳೆಲ್ಲ ಒಂದೇ ಕಂಪನಿಯ ಕೈಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ನಿಮ್ಮ ಹೆಸರು, ನಿಮ್ಮ ನಂಬರ್ ಗೋಡೆಯ ಮೇಲೂ ಇರಲಿ. ಒಂದೇ ಅಂಗಡಿ ಹಲವು ಆಪ್‌ಗಳಲ್ಲಿ ಕಾಣುವಂತೆ ಮಾಡುವ ಒಎನ್‌ಡಿಸಿ ಎಂಬ ಮುಕ್ತ ಜಾಲವಿದೆ. ಅದು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಓದಲಾಗದ ಭಾಷೆಯಲ್ಲಿ ಸಂದೇಶ ಬಂದರೆ, ಬಟನ್ ಹಸಿರಿದ್ದರೂ ಒತ್ತಬೇಡಿ. ಓದಬಲ್ಲವರಿಗೆ ಒಮ್ಮೆ ತೋರಿಸಿ. ಅನ್ಯಾಯವಾದರೆ ಆ ಆಪಿನ ಕುಂದುಕೊರತೆ ಅಧಿಕಾರಿಯ ಹೆಸರು ಹುಡುಕಿ, ನಿಮ್ಮ ಭಾಷೆಯಲ್ಲೇ ಬರೆಯಿರಿ. ಕೊಳ್ಳುವವರಾಗಿ ಮೋಸ ಹೋಗಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಂದು ದೊಡ್ಡ ಕಂಪನಿ ತನ್ನ ಬಲದಿಂದ ಬೇರೆಯವರನ್ನು ಮಾರುಕಟ್ಟೆಯಿಂದ ಹೊರದಬ್ಬುತ್ತಿದೆ ಅನ್ನಿಸಿದರೆ ಭಾರತೀಯ ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ಮಾಹಿತಿ ಸಲ್ಲಿಸಬಹುದು. ಒಬ್ಬರೇ ಬರೆಯುವುದಕ್ಕಿಂತ ಸಂಘದವರೆಲ್ಲ ಸೇರಿ ಬರೆಯುವುದು ಒಳ್ಳೆಯದು.

ಊಟ ತರಿಸುವವರಿಗೂ ಒಂದು ಮಾತು. ಇವತ್ತು ನಿಮಗೆ ಬಂದ ಊಟದ ಪೊಟ್ಟಣವನ್ನು ಯಾರ ಕೈ ಕಟ್ಟಿತು ಎಂದು ಒಮ್ಮೆ ವಿಚಾರಿಸಿ. ಆ ಮನೆ ಎರಡೇ ಬೀದಿ ಆಚೆ ಇರಬಹುದು. ಒಂದು ದಿನ ಆ ಹೆಸರಿನ ಕೆಳಗೆ ‘ಮುಚ್ಚಿದೆ’ ಎಂದು ಕಂಡರೆ ಅಲ್ಲಿಗೇ ನಂಬಿ ಬಿಡಬೇಡಿ. ನಡೆದು ಹೋಗಿ ನೋಡಿ. ಹೆಂಚು ಕಾದಿರಬಹುದು.